ಗಡಿಯಾಚೆಯ ಅಣೆಕಟ್ಟಿನ ನೀರನ್ನು ಇಲ್ಲಿಂದಲೇ ಅಳೆಯಬಹುದಾ?

ಪ್ರಶ್ನೆ: ನಾನು ಧಾರವಾಡದಲ್ಲಿ ಭೂಗೋಳ ಎಂ.ಎ. ಓದುತ್ತಿದ್ದೇನೆ. ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ವಿಶ್ಲೇಷಿಸುವ ವಿದ್ಯೆ) ಪೇಪರಿಗೆ ಒಂದು ಪ್ರಾಜೆಕ್ಟ್ ಮಾಡಬೇಕು. ನೈಲ್ ನದಿಗೆ ಇಥಿಯೋಪಿಯಾ ಕಟ್ಟಿರುವ ಅಣೆಕಟ್ಟಿನ ಬಗ್ಗೆ ಈಜಿಪ್ಟ್, ಸುಡಾನ್, ಇಥಿಯೋಪಿಯಾ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೇರೆ ದೇಶದ ನೀರನ್ನು ಇಲ್ಲಿ ಕೂತು, ಉಪಗ್ರಹ ಚಿತ್ರ ಮತ್ತು ನಕ್ಷೆ ಇಟ್ಟುಕೊಂಡು ಅಳೆಯಲು ಆಗುತ್ತದಾ? ಆಗುತ್ತದೆ ಅಂದರೆ ಜಗಳ ಯಾಕೆ ಇನ್ನೂ ಮುಗಿದಿಲ್ಲ? ನಮ್ಮ ಗೈಡ್ ಮಾತ್ರ "ಅದೆಲ್ಲ ಬೇಡಮ್ಮ, ನಿಮ್ಮ ತಾಲೂಕಿನ ಭೂಬಳಕೆ ನಕ್ಷೆ ಮಾಡು" ಅನ್ನುತ್ತಿದ್ದಾರೆ.

ಉತ್ತರ: ನಿಂತ ನೀರನ್ನು ಅಳೆಯಬಹುದು. ಯಾರ ಅಪ್ಪಣೆಯೂ ಬೇಡ, ಚೆನ್ನಾಗಿಯೇ ಅಳೆಯಬಹುದು. ಹರಿಯುವ ನೀರಿನ ಮಾತು ಬಂದರೆ ಅಷ್ಟು ಧೈರ್ಯವಾಗಿ ಹೇಳಲಾರೆ. ಜಗಳ ಯಾಕೆ ಮುಗಿದಿಲ್ಲ ಅನ್ನುವುದಕ್ಕೆ ಉತ್ತರವೂ ಅಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಅಣೆಕಟ್ಟು ನೋಡೋಣ.

ಗ್ರ್ಯಾಂಡ್ ಇಥಿಯೋಪಿಯನ್ ರಿನೈಸಾನ್ಸ್ ಡ್ಯಾಮ್ ಅಂತ ಅದರ ಪೂರ್ತಿ ಹೆಸರು. ಚಿಕ್ಕದಾಗಿ ಗರ್ಡ್ ಅನ್ನುತ್ತಾರೆ. ನೀಲಿ ನೈಲ್ ನದಿ ಇಥಿಯೋಪಿಯಾದ ಬೆಟ್ಟಗಳನ್ನು ಇಳಿದು ಸುಡಾನ್‌ಗೆ ಹೋಗುವ ಮುಂಚೆ, ಗಡಿಯ ಪಕ್ಕದಲ್ಲೇ ಇದೆ. 145 ಮೀಟರ್ ಎತ್ತರ, ಸುಮಾರು 1.8 ಕಿಲೋಮೀಟರ್ ಉದ್ದ. ಕೆಲಸ ಶುರುವಾಗಿದ್ದು 2011ರಲ್ಲಿ, ನೀರು ನಿಲ್ಲಿಸಿದ್ದು 2020ರಿಂದ, ಉದ್ಘಾಟನೆ ಆಗಿದ್ದು 2025ರ ಸೆಪ್ಟೆಂಬರ್ 9ರಂದು. ಪೂರ್ತಿ ತುಂಬಿದರೆ 7,400 ಕೋಟಿ ಘನ ಮೀಟರ್ ನೀರು ಹಿಡಿಯುತ್ತದೆ. ನಮಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳಿದರೆ 2,600 ಟಿಎಂಸಿಗೂ ಸ್ವಲ್ಪ ಜಾಸ್ತಿ. ನಮ್ಮ ಕೆಆರ್‌ಎಸ್ ಭರ್ತಿಯಾದಾಗ ಇರುವುದು 49.45 ಟಿಎಂಸಿ. ಅಂಥ ಐವತ್ತಕ್ಕೂ ಜಾಸ್ತಿ ಕೆಆರ್‌ಎಸ್‌ಗಳು ಅದರಲ್ಲಿ ಹಿಡಿಸುತ್ತವೆ.

2020ರ ಜುಲೈನಲ್ಲಿ ಏನಾಯಿತು ಅಂತ ಒಮ್ಮೆ ನೋಡಿ. ಮೂರು ದೇಶಗಳ ಮಾತುಕತೆ ಒಪ್ಪಂದವಿಲ್ಲದೆ ಮುಗಿದಿತ್ತು. ಅದೇ ಹೊತ್ತಿಗೆ ಯುರೋಪಿನ ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರಗಳಲ್ಲಿ ಅಣೆಕಟ್ಟಿನ ಹಿಂದಿನ ಕಪ್ಪು ಪಟ್ಟಿ ದಪ್ಪವಾಗುತ್ತಾ ಹೋಯಿತು. ಚಿತ್ರ ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪತ್ರಿಕೆಗಳು ಹಾಗೇ ಅಚ್ಚು ಹಾಕಿದವು. ನೀರು ತುಂಬುತ್ತಿರುವುದು ನಿಜ ಎಂದು ಇಥಿಯೋಪಿಯಾದ ಸಚಿವರು ಟಿವಿಯಲ್ಲಿ ಹೇಳಿದರು. ಆಮೇಲೆ, ನಾವೇನೂ ಗೇಟು ಮುಚ್ಚಿಲ್ಲ, ಮಳೆಗಾಲದ ನೀರು ತಾನಾಗಿ ನಿಂತಿದೆ ಅನ್ನುವ ಸ್ಪಷ್ಟನೆ ಬಂತು. ಸುಡಾನ್ ತನ್ನ ಗಡಿಯ ಎಲ್ ದೈಮ್ ಮಾಪನ ಕೇಂದ್ರದ ಲೆಕ್ಕ ತೆಗೆದು, ದಿನಕ್ಕೆ 9 ಕೋಟಿ ಘನ ಮೀಟರ್ ಹರಿವು ಕಡಿಮೆಯಾಗಿದೆ ಎಂದಿತು. ಅದು ಸುಮಾರು 37 ಸಾವಿರ ಕ್ಯೂಸೆಕ್. ಒಂದು ವಾರ ಕಳೆಯುವುದರೊಳಗೆ ಮೊದಲ ವರ್ಷದ ಭರ್ತಿ ಮುಗಿಯಿತು ಎಂದು ಇಥಿಯೋಪಿಯಾ ತಾನೇ ಘೋಷಿಸಿತು. 490 ಕೋಟಿ ಘನ ಮೀಟರ್, ಅಂದರೆ 173 ಟಿಎಂಸಿ. ಕಾವೇರಿಯಲ್ಲಿ ಬಿಳಿಗುಂಡ್ಲು ಮೂಲಕ ನಾವು ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 177.25 ಟಿಎಂಸಿ. ಹೆಚ್ಚುಕಡಿಮೆ ಅಷ್ಟು ನೀರು ಕೆಲವೇ ವಾರಗಳಲ್ಲಿ ಗೋಡೆಯ ಹಿಂದೆ ನಿಂತಿತ್ತು. ಅಂಥದ್ದನ್ನು ಮುಚ್ಚಿಡಲು ಆಗುವುದಿಲ್ಲ ಅಲ್ವಾ?

ಈಗ ಅಳೆಯುವ ಬಗೆ. ಜಲಾಶಯದಲ್ಲಿ ಎಷ್ಟು ನೀರಿದೆ ಎಂದು ತಿಳಿಯಲು ಮೂರು ಬೇಕು: ತಳ, ಅಂಚು, ಮಟ್ಟ. ಇದರಲ್ಲಿ ಕಷ್ಟದ್ದು ತಳ. ನೀರು ನಿಂತ ಮೇಲೆ ಉಪಗ್ರಹಕ್ಕೆ ತಳ ಕಾಣುವುದಿಲ್ಲ. ಆದರೆ ಗರ್ಡ್ ವಿಷಯದಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಸುತ್ತಿ ಭೂಮಿಯ ಬಹುಪಾಲು ನೆಲದ ಎತ್ತರವನ್ನು ರಾಡಾರ್‌ನಿಂದ ಅಳೆದಿತ್ತು. ಎಸ್‌ಆರ್‌ಟಿಎಂ ಅಂತ ನೀವು ಕ್ಲಾಸಿನಲ್ಲಿ ಬಳಸುವ ಡಿಇಎಂ, ಅಂದರೆ ನೆಲದ ಎತ್ತರದ ಡಿಜಿಟಲ್ ನಕ್ಷೆ, ಅದೇ. ಆಗ ಅಲ್ಲಿ ಅಣೆಕಟ್ಟೇ ಇರಲಿಲ್ಲ. ಈಗ ನೀರಿನಡಿ ಇರುವ ಕಣಿವೆ ಪೂರ್ತಿ ಒಣಗಿರುವಾಗಲೇ ದಾಖಲಾಗಿದೆ. ಜರ್ಮನಿಯ ಟ್ಯಾನ್‌ಡೆಮ್-ಎಕ್ಸ್ ಉಪಗ್ರಹಗಳು 2010ರ ಕೊನೆಯಿಂದ 2015ರ ಶುರುವಿನವರೆಗೆ ಅಳೆದ ಮಾಹಿತಿಯಿಂದ ಮಾಡಿದ ಕೋಪರ್ನಿಕಸ್ ಡಿಇಎಂ ಕೂಡ ಇದೆ. ಅದೂ ನೀರು ನಿಲ್ಲುವ ಮುಂಚಿನದೇ, ಗುಣಮಟ್ಟವೂ ಒಂದು ಕೈ ಮೇಲು. ಒಂದೇ ಎಚ್ಚರ, ಆ ಹೊತ್ತಿಗೆ ಅಲ್ಲಿ ಕಟ್ಟುವ ಕೆಲಸ ನಡೆದಿತ್ತು. ಗೋಡೆಯ ಜಾಗದ ಎತ್ತರ ನಂಬಬೇಡಿ, ಅಲ್ಲಿ ನೀವೇ ಗೆರೆ ಎಳೆದುಕೊಳ್ಳಿ.

ಗೆರೆ ಅಂದಾಗ ಇನ್ನೊಂದು ಹೇಳಲೇಬೇಕು. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಮುಖ್ಯ ಅಣೆಕಟ್ಟಿನ ಜಾಗಕ್ಕೆ ಒಂದು ಗೋಡೆ ಕೊಟ್ಟು, 640 ಮೀಟರ್ ಮಟ್ಟಕ್ಕೆ ನೀರು ತುಂಬಿಸಿ ನೋಡಿ. ನೀರು ನಿಲ್ಲುವುದೇ ಇಲ್ಲ, ಪಕ್ಕದ ತಗ್ಗಿನಿಂದ ಸುಡಾನ್ ಕಡೆಗೆ ಸೋರಿಹೋಗುತ್ತದೆ. ಡಿಇಎಂ ತಪ್ಪಲ್ಲ. ಅಲ್ಲಿ ಬೆಟ್ಟದ ಸಾಲು ತಗ್ಗಿದೆ. ಅದಕ್ಕೇ ಎಂಜಿನಿಯರುಗಳು ಸುಮಾರು 5 ಕಿಲೋಮೀಟರ್ ಉದ್ದ, 50 ಮೀಟರ್ ಎತ್ತರದ ಇನ್ನೊಂದು ಕಟ್ಟೆ ಹಾಕಿದ್ದಾರೆ. ಸ್ಯಾಡಲ್ ಡ್ಯಾಮ್ ಅನ್ನುತ್ತಾರೆ. ಅದನ್ನೂ ನಕ್ಷೆಯಲ್ಲಿ ಎಳೆದ ಮೇಲೆ ಜಲಾಶಯ ಸರಿಯಾದ ಆಕಾರಕ್ಕೆ ಬರುತ್ತದೆ, ಹರವು ಸುಮಾರು 1,874 ಚದರ ಕಿಲೋಮೀಟರಿನ ಹತ್ತಿರ ಬರಬೇಕು. ಇಡೀ ಯೋಜನೆ ಎಷ್ಟರಮಟ್ಟಿಗೆ ಈ ಎರಡನೇ ಕಟ್ಟೆಯ ಮೇಲೆ ನಿಂತಿದೆ ಅನ್ನುವುದು ಸುದ್ದಿ ಓದಿದರೆ ಗೊತ್ತಾಗುವುದಿಲ್ಲ. ನಕ್ಷೆ ಮಾಡಲು ಕೂತವರಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಆಮೇಲಿನದು ಗುಣಾಕಾರ, ಕೂಡುವುದು, ಅಷ್ಟೇ. ಡಿಇಎಂನ ಒಂದು ಚೌಕ 30 ಮೀಟರ್ ಅಗಲ, 30 ಮೀಟರ್ ಉದ್ದ, ಅಂದರೆ 900 ಚದರ ಮೀಟರ್. ಆ ಚೌಕದ ನೆಲ 540 ಮೀಟರ್ ಎತ್ತರದಲ್ಲಿದೆ, ನೀರಿನ ಮಟ್ಟ 640 ಅಂದುಕೊಳ್ಳಿ. 100 ಮೀಟರ್ ಆಳ, 90 ಸಾವಿರ ಘನ ಮೀಟರ್ ನೀರು. ಹೀಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚೌಕಗಳದ್ದನ್ನು ಕಂಪ್ಯೂಟರ್ ಕೂಡಿಕೊಡುತ್ತದೆ. 560, 570, 580 ಹೀಗೆ ಬೇರೆ ಬೇರೆ ಮಟ್ಟಗಳಿಗೆ ಮಾಡಿಟ್ಟುಕೊಂಡರೆ ಒಂದು ಕೋಷ್ಟಕ ಸಿಗುತ್ತದೆ: ಇಷ್ಟು ಮಟ್ಟಕ್ಕೆ ಇಷ್ಟು ಹರವು, ಇಷ್ಟು ನೀರು. ಒಮ್ಮೆ ಈ ಕೋಷ್ಟಕ ಕೈಯಲ್ಲಿದ್ದರೆ ಮುಂದೆ ಹರವು ಅಥವಾ ಮಟ್ಟ, ಎರಡರಲ್ಲಿ ಒಂದು ಸಿಕ್ಕರೂ ಸಾಕು.

ಆದರೆ ಮಟ್ಟದಲ್ಲಿ ಒಂದೇ ಒಂದು ಮೀಟರ್ ಹೆಚ್ಚುಕಮ್ಮಿ ಆದರೆ? ತುಂಬಿದ ಗರ್ಡ್‌ನಲ್ಲಿ ಅದು 66 ಟಿಎಂಸಿ. ಒಂದು ಕೆಆರ್‌ಎಸ್‌ಗಿಂತ ಜಾಸ್ತಿ ನೀರು ಬರೀ ಅಳತೆಯ ತಪ್ಪಿನಲ್ಲೇ ಮಾಯವಾಗುತ್ತದೆ, ಇಲ್ಲವೇ ಹುಟ್ಟಿಕೊಳ್ಳುತ್ತದೆ. ಸಾಮಾಜಿಕ ಜಾಲತಾಣದಲ್ಲಿ ದಶಾಂಶ ಸಮೇತ ಲೆಕ್ಕ ಹಾಕುವವರನ್ನು ನೋಡಿದರೆ ನನಗೆ ನಗು ಬರುವುದು ಇದಕ್ಕೇ.

ಅಂಚು ಹಿಡಿಯುವ ಕೆಲಸ ನೀವು ಕಲಿತದ್ದಕ್ಕಿಂತ ಸ್ವಲ್ಪ ಬೇರೆ. ಕಾಲೇಜಿನಲ್ಲಿ ಎನ್‌ಡಿಡಬ್ಲ್ಯುಐ ಹೇಳಿಕೊಟ್ಟಿರುತ್ತಾರೆ, ಹಸಿರು ಮತ್ತು ಅವಕೆಂಪು ಪಟ್ಟಿಗಳ ವ್ಯತ್ಯಾಸದಿಂದ ನೀರು ಗುರುತಿಸುವುದು. ಬೇಸಿಗೆಯಲ್ಲಿ ಅದು ಸಾಕು. ಆದರೆ ಇಥಿಯೋಪಿಯಾದಲ್ಲಿ ಮಳೆ ಜೂನ್‌ನಿಂದ ಸೆಪ್ಟೆಂಬರ್. ಅಣೆಕಟ್ಟು ತುಂಬುವುದೂ ಆಗಲೇ. ಬೆಳಕಿನಲ್ಲಿ ಚಿತ್ರ ತೆಗೆಯುವ ಉಪಗ್ರಹಗಳಲ್ಲಿ ಲ್ಯಾಂಡ್‌ಸ್ಯಾಟ್ ತೆಗೆದರೂ ಮೋಡ, ಸೆಂಟಿನೆಲ್-2 ತೆಗೆದರೂ ಮೋಡ. ಹಾಗಾಗಿ ಮೋಡ ದಾಟಿ ನೋಡುವ ರಾಡಾರ್ ಬೇಕು. ಕನ್ನಡಿಗೆ ಓರೆಯಾಗಿ ಟಾರ್ಚ್ ಬಿಟ್ಟರೆ ಬೆಳಕು ಆ ಕಡೆಗೆ ಹೋಗುತ್ತದೆ, ನಿಮ್ಮ ಕಣ್ಣಿಗೆ ವಾಪಸ್ ಬರುವುದಿಲ್ಲ. ನೀರಿನ ಮೇಲೆ ಬಿದ್ದ ರಾಡಾರ್ ಅಲೆಯೂ ಹಾಗೇ. ಉಪಗ್ರಹಕ್ಕೆ ಏನೂ ಮರಳಿ ಬಾರದ ಜಾಗ ಕಪ್ಪಾಗಿ ಕಾಣುತ್ತದೆ. ಚಿತ್ರದ ಹಿಸ್ಟೋಗ್ರಾಮ್ (ಯಾವ ಹೊಳಪಿನ ಚುಕ್ಕೆಗಳು ಎಷ್ಟಿವೆ ಎಂದು ತೋರಿಸುವ ರೇಖಾಚಿತ್ರ) ತೆಗೆದರೆ ಎರಡು ದಿಬ್ಬ ಕಾಣುತ್ತವೆ, ಒಂದು ನೀರು, ಒಂದು ನೆಲ. ನಡುವಿನ ತಗ್ಗಿನಲ್ಲಿ ಕತ್ತರಿಸಿದರೆ ಅಂಚು ಸಿಕ್ಕಿತು.

ಸಿಕ್ಕಿತು ಅಂತ ಸುಮ್ನೆ ಖುಷಿಪಡಬೇಡಿ. ಕಪ್ಪಾಗಿರುವುದೆಲ್ಲ ನೀರಲ್ಲ. ನೀಲಿ ನೈಲ್‌ನ ಕಣಿವೆ ಕಡಿದಾದದ್ದು, ರಾಡಾರ್‌ಗೆ ಬೆನ್ನು ಹಾಕಿದ ಇಳಿಜಾರುಗಳೂ ಕಪ್ಪಾಗಿಯೇ ಕಾಣುತ್ತವೆ. ಇಳಿಜಾರಿನ ನಕ್ಷೆ ಮಾಡಿ ಕಡಿದಾದ ಜಾಗಗಳನ್ನು ತೆಗೆದುಹಾಕಿ. ನೀರು ಇಳಿಜಾರಿನಲ್ಲಿ ನಿಲ್ಲುವುದಿಲ್ಲವಲ್ಲ. ಸುಡಾನ್, ಈಜಿಪ್ಟ್ ಕಡೆ ಹೋದರೆ ನುಣುಪು ಮರಳು ಕೂಡ ನೀರಿನ ಹಾಗೇ ಕಪ್ಪು. ಇನ್ನು ನೀರಾಗಿದ್ದೂ ಕಪ್ಪಾಗಿ ಕಾಣದ್ದು ಇರುತ್ತದೆ. ಜೋರು ಗಾಳಿ ಬೀಸಿ ಅಲೆ ಎದ್ದ ದಿನ ಜಲಾಶಯದ ನಡುವೆಯೇ ಬಿಳಿ ಮಚ್ಚೆ. ಹೊಸದಾಗಿ ಮುಳುಗಿದ ಕಾಡಿನಲ್ಲಿ ಮರಗಳು ನೀರಿನಲ್ಲಿ ನಿಂತಿರುತ್ತವೆ. ಅಲ್ಲಿ ಅಲೆ ನೀರಿಗೆ ಬಡಿದು, ಕಾಂಡಕ್ಕೆ ಬಡಿದು ಸೀದಾ ವಾಪಸ್ ಬರುತ್ತದೆ, ಒಣ ನೆಲಕ್ಕಿಂತಲೂ ಬೆಳ್ಳಗೆ ಕಾಣುತ್ತದೆ. ಮೊದಲ ಒಂದೆರಡು ವರ್ಷದ ಚಿತ್ರಗಳಲ್ಲಿ ಅಂಚಿನ ಉದ್ದಕ್ಕೂ ಈ ತಾಪತ್ರಯ ಇರುತ್ತದೆ. ಇದಕ್ಕೆ ಉದ್ದ ಅಲೆಯ ರಾಡಾರ್ ಒಳ್ಳೆಯದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಿಸಾರ್ ಉಪಗ್ರಹದಲ್ಲಿ ಅಂಥ ಎಲ್-ಬ್ಯಾಂಡ್ ರಾಡಾರ್ ಇದೆ. ನಾಸಾ ಮತ್ತು ಇಸ್ರೋ ಸೇರಿ ಮಾಡಿದ್ದು. ಎರಡೂ ಕಡೆಯ ರಾಡಾರ್‌ಗಳನ್ನು ಜೋಡಿಸಿ ಪರೀಕ್ಷೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ. 12 ದಿನಕ್ಕೊಮ್ಮೆ ಅದೇ ಜಾಗವನ್ನು ನೋಡುತ್ತದೆ.

ಮಟ್ಟಕ್ಕೆ ಆಲ್ಟಿಮೀಟರ್, ಅಂದರೆ ಎತ್ತರ ಅಳೆಯುವ ಉಪಗ್ರಹಗಳಿವೆ. ಸೆಂಟಿನೆಲ್-3, ಐಸ್‌ಸ್ಯಾಟ್-2 ಇಂಥವು ತಮ್ಮ ದಾರಿಯ ಕೆಳಗೆ ನೇರವಾಗಿ ಬಿದ್ದ ನೀರಿನ ಎತ್ತರ ಹೇಳುತ್ತವೆ. ದಾರಿಗೆ ಸಿಗದ ಕೆರೆಗೆ ಲೆಕ್ಕವಿಲ್ಲ. 2022ರ ಡಿಸೆಂಬರ್‌ನಲ್ಲಿ ಹಾರಿದ ಸ್ವಾಟ್ ಉಪಗ್ರಹ ಈ ಕೊರತೆಯನ್ನು ಬಹಳ ಮಟ್ಟಿಗೆ ನೀಗಿದೆ. ಸುಮಾರು 120 ಕಿಲೋಮೀಟರ್ ಅಗಲದ ಪಟ್ಟಿಯನ್ನು ಒಟ್ಟಿಗೆ ನೋಡುತ್ತದೆ, 250 ಮೀಟರ್ ಉದ್ದಗಲದ ಕೆರೆಯನ್ನೂ ಬಿಡುವುದಿಲ್ಲ. ಎಲ್ಲ ಮಾಹಿತಿ ಉಚಿತ. ಇಲ್ಲಿ ವಿದ್ಯಾರ್ಥಿಗಳು ಎಡವುವುದು ಎತ್ತರದ ಮೂಲದಲ್ಲಿ. ಒಂದು ಮಾಹಿತಿ ಎಲಿಪ್ಸಾಯ್ಡ್‌ನಿಂದ (ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ನುಣುಪು ಮೇಲ್ಮೈ) ಅಳೆದಿರುತ್ತದೆ, ಇನ್ನೊಂದು ಸಮುದ್ರ ಮಟ್ಟಕ್ಕೆ ಹತ್ತಿರವಾದ ಜಿಯಾಯ್ಡ್‌ನಿಂದ. ಬೆಂಗಳೂರಿನಲ್ಲಿ ಇವೆರಡರ ನಡುವೆ 80 ಮೀಟರಿಗೂ ಜಾಸ್ತಿ ಅಂತರ. ಎಸ್‌ಆರ್‌ಟಿಎಂ ಒಂದು ಜಿಯಾಯ್ಡ್ ಬಳಸಿದರೆ ಕೋಪರ್ನಿಕಸ್ ಮತ್ತು ಸ್ವಾಟ್ ಬಳಸುವುದು ಇನ್ನೊಂದು. ಎಲ್ಲವನ್ನೂ ಒಂದೇ ಮೂಲಕ್ಕೆ ತಂದುಕೊಳ್ಳದೆ ಕಳೆದರೆ ಜಲಾಶಯ ಬೆಟ್ಟದ ಮೇಲೆ ಹತ್ತಿರುತ್ತದೆ. ಹರವು ಲೆಕ್ಕ ಹಾಕುವಾಗ ಮೀಟರಿನಲ್ಲಿ ಅಳೆಯುವ ನಕ್ಷಾ ಪದ್ಧತಿಯಾದ ಯುಟಿಎಂನ ವಲಯ 36 ಉತ್ತರಕ್ಕೆ ಬದಲಿಸಿಕೊಳ್ಳಿ, ಡಿಗ್ರಿಗಳಲ್ಲೇ ಕೂಡಿಸಬೇಡಿ. ಇದನ್ನು ಪ್ರತಿ ವರ್ಷ ಯಾರಾದರೂ ಒಬ್ಬರು ಮಾಡಿಕೊಂಡು ಬರುತ್ತಾರೆ.

ಇಷ್ಟೂ ನಿಂತ ನೀರಿನ ಮಾತಾಯಿತು. ಈಗ ಜಗಳ.

1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ಇಬ್ಬರೇ ಕೂತು ನೈಲ್ ಹಂಚಿಕೊಂಡರು. ವರ್ಷಕ್ಕೆ 8,400 ಕೋಟಿ ಘನ ಮೀಟರ್ ಎಂದು ಲೆಕ್ಕ ಹಿಡಿದು ಈಜಿಪ್ಟ್‌ಗೆ 5,550 ಕೋಟಿ, ಸುಡಾನ್‌ಗೆ 1,850 ಕೋಟಿ, ಉಳಿದದ್ದು ಆವಿಗೆ. ನೈಲ್‌ನ ನೀರಿನಲ್ಲಿ ಸುಮಾರು ಶೇ. 85ರಷ್ಟು ಕೊಡುವ ಇಥಿಯೋಪಿಯಾದ ಹೆಸರೇ ಅದರಲ್ಲಿಲ್ಲ. ನಾವು ಸಹಿ ಹಾಕದ ಒಪ್ಪಂದ ನಮಗೆ ಅನ್ವಯಿಸುವುದಿಲ್ಲ ಅನ್ನುವುದು ಅವರ ವಾದ. 2015ರಲ್ಲಿ ಖಾರ್ತೂಮ್‌ನಲ್ಲಿ ಮೂವರೂ ಸೇರಿ ಒಂದು ತತ್ವಗಳ ಘೋಷಣೆಗೆ ಸಹಿ ಹಾಕಿದರು, ಆದರೆ ಬರಗಾಲ ಬಂದರೆ ಎಷ್ಟು ಬಿಡಬೇಕು ಅನ್ನುವ ಅಂಕಿ ಅದರಲ್ಲಿ ಇಲ್ಲ. ಜಗಳ ನಿಂತಿರುವುದು ಅಲ್ಲಿ. ಇನ್ನೂ ಬಾರದ ಬರದ ವರ್ಷದಲ್ಲಿ, ಇನ್ನೂ ಹರಿಯದ ನೀರಿನ ಬಗ್ಗೆ. ಅದನ್ನು ಯಾವ ಉಪಗ್ರಹ ಫೋಟೋ ತೆಗೆಯುತ್ತದೆ ಹೇಳಿ?

ಹರಿವಿನ ಲೆಕ್ಕ ಯಾಕೆ ಕಷ್ಟ ಅಂದರೆ, ಜಲಾಶಯ ಎಷ್ಟು ಏರಿತು ಅಂತ ಗೊತ್ತಾದರೂ ಎಷ್ಟು ಬಂತು, ಎಷ್ಟು ಬಿಟ್ಟರು ಅಂತ ಬೇರೆ ಬೇರೆಯಾಗಿ ಗೊತ್ತಾಗುವುದಿಲ್ಲ. ಬಂದದ್ದನ್ನು ಮಳೆಯ ಮಾಹಿತಿಯಿಂದ ಮಾದರಿ ಕಟ್ಟಿ ಅಂದಾಜು ಮಾಡಬೇಕು. ಆವಿಯಾಗಿದ್ದು ಇನ್ನೊಂದು ಅಂದಾಜು. ಮಿಕ್ಕಿದ್ದು ಬಿಟ್ಟದ್ದು. ಎರಡು ಅಂದಾಜಿನ ತಪ್ಪುಗಳೂ ಮೂರನೆಯದರ ತಲೆ ಮೇಲೆ ಬೀಳುತ್ತವೆ. ಜಲಾಶಯ ತುಂಬಿದ ಮೇಲಂತೂ ಅಂಚು ಅಲ್ಲಾಡುವುದಿಲ್ಲ, ನಿಮ್ಮ ನಕ್ಷೆ ದಿನಾ ಒಂದೇ ಥರ ಇರುತ್ತದೆ, ಕೆಳಗೆ ಮಾತ್ರ ಪ್ರವಾಹ. ಮೋಡ ಬಿಟ್ಟ ದಿನ ಸೆಂಟಿನೆಲ್-2 ಚಿತ್ರದಲ್ಲಿ ಸ್ಪಿಲ್‌ವೇ (ಹೆಚ್ಚಾದ ನೀರು ಹೊರಬಿಡುವ ದಾರಿ) ಬಾಯಲ್ಲಿ ಬಿಳಿ ನೊರೆ ಕಂಡರೆ ಗೇಟು ತೆರೆದಿದೆ ಅನ್ನಬಹುದು, ಎಷ್ಟು ಕ್ಯೂಸೆಕ್ ಅನ್ನಲಾಗದು. 2025ರ ಸೆಪ್ಟೆಂಬರ್ ಕೊನೆಗೆ ಸುಡಾನ್‌ನಲ್ಲಿ ನದಿ ಉಕ್ಕಿದಾಗ ಈಜಿಪ್ಟ್ ಇಥಿಯೋಪಿಯಾದ ಮೇಲೆ ದೂರಿತು, ಇಥಿಯೋಪಿಯಾ ಅಲ್ಲಗಳೆಯಿತು. ಹೊರಗಿನಿಂದ ನೋಡುವವರಿಗೆ ಅದನ್ನು ಬಗೆಹರಿಸಲು ಬೇಕಾದ್ದು ಗೇಟಿನ ದಿನಚರಿ ಪುಸ್ತಕ. ಅದು ಅಣೆಕಟ್ಟಿನ ಕಚೇರಿಯಲ್ಲಿದೆ, ಆಕಾಶದಲ್ಲಿಲ್ಲ. ಮಧ್ಯದಲ್ಲಿ ಒದ್ದಾಡುವವರು ಸುಡಾನ್‌ನವರು. ಕೆಳಗಿರುವ ಅವರ ರೋಸೇರೆಸ್ ಅಣೆಕಟ್ಟು ಗರ್ಡ್‌ನ ಸುಮಾರು ಹತ್ತನೇ ಒಂದು ಭಾಗದಷ್ಟು. ಮೇಲಿಂದ ನಾಳೆ ಎಷ್ಟು ಬರುತ್ತದೆ ಎಂದು ಇಂದೇ ಗೊತ್ತಾಗದಿದ್ದರೆ ಅದನ್ನು ನಡೆಸುವುದು ಹೇಗೆ?

ನಕ್ಷೆಯಿಂದ ಒಂದು ಹೆಜ್ಜೆ ಮುಂದೆ ಹೋಗಿ ತೀರ್ಪು ಕೊಡಲು ಹೊರಟರೆ ಏನಾಗುತ್ತದೆ ಅನ್ನುವುದಕ್ಕೆ ಮೆಕಾಂಗ್ ನದಿ ಒಳ್ಳೆಯ ಪಾಠ. 2019ರಲ್ಲಿ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂ ಬರದಿಂದ ತತ್ತರಿಸಿದವು. ಮರುವರ್ಷ ಏಪ್ರಿಲ್‌ನಲ್ಲಿ ಐಸ್ ಆನ್ ಅರ್ತ್ (Eyes on Earth) ಎಂಬ ಸಂಸ್ಥೆ, ನೆಲದ ತೇವ ತೋರಿಸುವ ಉಪಗ್ರಹ ಮಾಹಿತಿ ಮತ್ತು ಥಾಯ್ಲೆಂಡಿನ ಚಿಯಾಂಗ್ ಸೇನ್ ಮಾಪನ ಕೇಂದ್ರದ ಹಳೇ ದಾಖಲೆ ಹೋಲಿಸಿ, ಮೇಲೆ ಚೀನಾದಲ್ಲಿ ನೀರು ಸಾಕಷ್ಟಿತ್ತು, ಅಣೆಕಟ್ಟುಗಳು ಹಿಡಿದಿಟ್ಟವು ಎಂದಿತು. ಚೀನಾ ಒಪ್ಪಲಿಲ್ಲ, ವಿಧಾನದ ಬಗ್ಗೆ ಬೇರೆ ಸಂಶೋಧಕರೂ ತಕರಾರು ತೆಗೆದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಟಿಮ್ಸನ್ ಸೆಂಟರ್ ಎಂಬ ಅಧ್ಯಯನ ಸಂಸ್ಥೆ ಜೊತೆ ಸೇರಿ ಶುರುವಾದ ಮೆಕಾಂಗ್ ಡ್ಯಾಮ್ ಮಾನಿಟರ್ ಬೇರೆ ದಾರಿ ಹಿಡಿಯಿತು. ಶಿಯಾವಾನ್, ನುವೋಜಾಡು ಇಂಥ ಜಲಾಶಯಗಳ ಅಂಚನ್ನು ಉಪಗ್ರಹ ಚಿತ್ರದಲ್ಲಿ ಅಳೆದು, ಈ ವಾರ ಇಷ್ಟು ಏರಿದೆ, ಇಷ್ಟು ಇಳಿದಿದೆ ಎಂದು ಹಾಕುತ್ತಾ ಹೋಗುವುದು. ನನ್ನ ಅಭಿಪ್ರಾಯ ಕೇಳಿದರೆ ಎರಡನೆಯದೇ ಗಟ್ಟಿ ಕೆಲಸ. ಇವೆರಡೂ ಅಣೆಕಟ್ಟುಗಳು 2000ದ ನಂತರ ತುಂಬಿದವು, ಹಾಗಾಗಿ ಎಸ್‌ಆರ್‌ಟಿಎಂನಲ್ಲಿ ತಳ ಸಿಗುತ್ತದೆ ಅನ್ನುವುದನ್ನೂ ಗಮನಿಸಿ. 2020ರಲ್ಲೇ ಚೀನಾ ವರ್ಷಪೂರ್ತಿ ನೀರಿನ ಮಾಹಿತಿಯನ್ನು ಮೆಕಾಂಗ್ ನದಿ ಆಯೋಗಕ್ಕೆ ಕೊಡಲು ಒಪ್ಪಿತು. ಅದುವರೆಗೆ ಕೊಡುತ್ತಿದ್ದುದು ಮಳೆಗಾಲದ್ದು ಮಾತ್ರ.

ಅಂತರ್ಜಲದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೆ ಒಂದು ಹೋಗುತ್ತಾ, ಕೆಳಗಿನ ನೆಲದ ಸೆಳೆತ ಬದಲಾದದ್ದನ್ನು ತಮ್ಮ ನಡುವಿನ ಅಂತರದಲ್ಲಿ ಹಿಡಿಯುತ್ತಿದ್ದವು. 2003ರಿಂದ 2009ರವರೆಗೆ ಟೈಗ್ರಿಸ್-ಯೂಫ್ರೆಟಿಸ್ ಸೀಮೆ ಸುಮಾರು 144 ಘನ ಕಿಲೋಮೀಟರ್ ನೀರು ಕಳೆದುಕೊಂಡಿತು, ಅದರಲ್ಲಿ ಶೇ. 60ರಷ್ಟು ಅಂತರ್ಜಲ ಎಂದು ಗೊತ್ತಾಗಿದ್ದು ಹೀಗೆ. ನಮ್ಮ ಪಂಜಾಬ್, ಹರಿಯಾಣ, ರಾಜಸ್ಥಾನ ಸೇರಿ 2002ರಿಂದ 2008ರ ನಡುವೆ 109 ಘನ ಕಿಲೋಮೀಟರ್ ಅಂತರ್ಜಲ ಖಾಲಿ ಮಾಡಿದ್ದೂ ಇದರಿಂದಲೇ ಹೊರಬಿತ್ತು. ಆದರೆ ಈ ಉಪಗ್ರಹಕ್ಕೆ ಕಾಣುವುದು ನೂರಾರು ಕಿಲೋಮೀಟರ್ ಅಗಲದ ಸೀಮೆ. ಪಂಜಾಬಿನ ಗಡಿಯ ಆ ಕಡೆ ಎಷ್ಟು ಎತ್ತಿದರು, ಈ ಕಡೆ ಎಷ್ಟು ಎತ್ತಿದರು ಎಂದು ಬೇರೆ ಮಾಡಿ ಹೇಳಲಾರದು. ಗ್ರೇಸ್ ಮಾಹಿತಿ ಹಿಡಿದು ಒಂದೊಂದು ತಾಲೂಕಿನ ಅಂತರ್ಜಲ ನಕ್ಷೆ ಮಾಡಿದ ಪ್ರಬಂಧಗಳು ನನ್ನ ಮೇಜಿನ ಮೇಲೆ ಬರುತ್ತಲೇ ಇರುತ್ತವೆ. ಬಣ್ಣ ಚೆನ್ನಾಗಿರುತ್ತದೆ.

ಹಾಗಾದರೆ ನಕ್ಷೆಯಿಂದ ನಿಜವಾದ ಉಪಯೋಗ ಎಲ್ಲಿ ಅಂದರೆ, ನಾನು ಪಾರೆಚು ಹೆಸರು ಹೇಳುತ್ತೇನೆ. ಟಿಬೆಟ್ ಹಾದು ಹಿಮಾಚಲಕ್ಕೆ ಬಂದು ಸ್ಪಿತಿ ನದಿ ಸೇರುವ ಹೊಳೆ ಅದು, ಸ್ಪಿತಿ ಮುಂದೆ ಸಟ್ಲೆಜ್ ಸೇರುತ್ತದೆ. 2004ರಲ್ಲಿ ಟಿಬೆಟ್ ಕಡೆ ಗುಡ್ಡ ಕುಸಿದು ಹೊಳೆಗೆ ಅಡ್ಡ ಬಿತ್ತು, ಹಿಂದೆ ಒಂದು ಸರೋವರವೇ ನಿಂತಿತು. ನಮ್ಮ ತಜ್ಞರಿಗೆ ಸ್ಥಳಕ್ಕೆ ಹೋಗಲು ಆಗಲಿಲ್ಲ. ಹೈದರಾಬಾದಿನ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳಲ್ಲಿ ಸರೋವರದ ಹರವನ್ನು ಕಾಯುತ್ತಾ ಕೂತಿತು. 2005ರ ಜೂನ್ 26ರಂದು ಅದು ಒಡೆಯಿತು. ಸೇತುವೆ, ರಸ್ತೆಗಳು ಕೊಚ್ಚಿಹೋದವು. ಆದರೆ ಹೊಳೆದಂಡೆಯ ಜನ ಮೊದಲೇ ಎಚ್ಚರವಾಗಿದ್ದರಿಂದ ಪ್ರಾಣಹಾನಿ ತಪ್ಪಿತು. ಐದು ವರ್ಷ ಹಿಂದೆ, 2000ದ ಜೂನ್‌ನಲ್ಲಿ, ಟಿಬೆಟಿನ ಯಿಗೊಂಗ್‌ನಲ್ಲಿ ಹೀಗೇ ನಿಂತ ನೀರು ಒಡೆದು ಅರುಣಾಚಲಕ್ಕೆ ನುಗ್ಗಿದಾಗ ಇಲ್ಲಿ ಯಾರಿಗೂ ಸುಳಿವಿರಲಿಲ್ಲ, ಜೀವಗಳು ಹೋದವು. ಈಗಲೂ ಬ್ರಹ್ಮಪುತ್ರದ ಮಾಹಿತಿ ಚೀನಾದ ಮರ್ಜಿಯಲ್ಲೇ ಇದೆ. ದೋಕ್ಲಾಂ ಗಲಾಟೆಯ 2017ರಲ್ಲಿ ಬರಲಿಲ್ಲ, ಆ ಬಗ್ಗೆ ಇದ್ದ ಒಪ್ಪಂದದ ಅವಧಿಯೂ 2023ರಲ್ಲಿ ಮುಗಿಯಿತು. 2025ರ ಜುಲೈನಲ್ಲಿ ಮೆಡೋಗ್‌ನಲ್ಲಿ ಕೆಲಸ ಶುರುವಾದ 60 ಸಾವಿರ ಮೆಗಾವ್ಯಾಟ್ ಯೋಜನೆಗೆ ಗರ್ಡ್‌ನ ಈ ವಿಧಾನ ಹಾಕುತ್ತೇನೆ ಅಂತ ಹೊರಡಬೇಡಿ. ಅದು ಮುಖ್ಯವಾಗಿ ಸುರಂಗಗಳಲ್ಲಿ ನೀರು ಇಳಿಸಿ ವಿದ್ಯುತ್ ತೆಗೆಯುವ ಯೋಜನೆ. ಅಂಚು ಹಿಡಿದು ಅಳೆಯಲು ಅಲ್ಲಿ ಗರ್ಡ್‌ನಂಥ ಕೆರೆ ನಿಲ್ಲುವುದಿಲ್ಲ.

ಆ ಕಡೆಯವರನ್ನು ಬಯ್ಯುವಾಗ ಇದನ್ನೂ ತಿಳಿದಿರಿ: ಸಿಂಧೂ, ಗಂಗಾ, ಬ್ರಹ್ಮಪುತ್ರ ಕಣಿವೆಗಳ ಹರಿವಿನ ಮಾಹಿತಿಯನ್ನು ನಮ್ಮ ಸರ್ಕಾರವೂ ಗುಟ್ಟಾಗಿಯೇ ಇಟ್ಟಿದೆ. ಕೃಷ್ಣಾ, ಕಾವೇರಿಯದ್ದು ಸರ್ಕಾರದ ಜಲ ಮಾಹಿತಿ ತಾಣ ಇಂಡಿಯಾ-ವ್ರಿಸ್‌ನಲ್ಲಿ ಸಿಗುತ್ತದೆ, ಗಂಗೆಯದ್ದು ಹಾಗೆ ಸಿಗುವುದಿಲ್ಲ. ಇನ್ನೊಂದು ಕಾನೂನಿನ ಮಾತು. ಅಂತರಜಾಲದಲ್ಲಿ ಉಚಿತವಾಗಿ ಸಿಗುವ ದೇಶಗಳ ಗಡಿಯ ಫೈಲುಗಳಲ್ಲಿ ಕಾಶ್ಮೀರ, ಅರುಣಾಚಲದ ಗೆರೆ ನಮ್ಮದರಂತೆ ಇರುವುದಿಲ್ಲ. ಅದನ್ನು ಹಾಗೇ ಅಚ್ಚು ಹಾಕಿದರೆ ಇಲ್ಲಿ ಅಪರಾಧ. ಭಾರತ ಬರುವ ಯಾವ ನಕ್ಷೆಗೂ ಸರ್ವೇ ಆಫ್ ಇಂಡಿಯಾದ ಗಡಿ ಹಾಕಿ. ನೈಲ್‌ನಲ್ಲಿ ಈ ಕಾನೂನಿನ ಭಯ ಇಲ್ಲ. ಅಲ್ಲೂ ಈಜಿಪ್ಟ್-ಸುಡಾನ್ ನಡುವಿನ ಹಲೈಬ್ ತ್ರಿಕೋನ ಇಬ್ಬರಿಗೂ ಬೇಕು. ಅಲ್ಲಿ ಚುಕ್ಕೆ ಗೆರೆ ಹಾಕಿಬಿಡಿ.

ಈಗ ನಿಮ್ಮ ಗೈಡ್ ಮಾತಿಗೆ ಬರೋಣ. ಅವರು ಹೆದರುತ್ತಿರುವುದು, ಹೋಗಿ ನೋಡಲಾಗದ ಜಾಗದ ಬಗ್ಗೆ ನೀವು ಹೇಳಿದ್ದು ಸರಿಯೋ ತಪ್ಪೋ ಪರೀಕ್ಷೆ ಮಾಡುವುದು ಹೇಗೆ ಅಂತ. ಆ ಹೆದರಿಕೆ ನ್ಯಾಯವಾದದ್ದೇ. ಅದಕ್ಕೆ ದಾರಿ ಇದೆ: ವಿಧಾನವನ್ನು ಮೊದಲು ಉತ್ತರ ಗೊತ್ತಿರುವ ಕಡೆ ಓಡಿಸಿ. ಕೆಆರ್‌ಎಸ್ ಮಟ್ಟ, ಸಂಗ್ರಹ ದಿನಾ ಪ್ರಕಟವಾಗುತ್ತದೆ. ಬೇಸಿಗೆಯದ್ದೊಂದು, ಮಳೆಗಾಲ ಮುಗಿದ ಮೇಲಿನದ್ದೊಂದು ಸೆಂಟಿನೆಲ್-1 ಚಿತ್ರ ತೆಗೆದು ಎರಡರ ನಡುವಿನ ವ್ಯತ್ಯಾಸ ಎಷ್ಟು ಟಿಎಂಸಿ ಎಂದು ನೀವು ಹೇಳಿ, ಆಮೇಲೆ ಪ್ರಕಟವಾದ ಅಂಕಿ ತೆರೆಯಿರಿ. ವ್ಯತ್ಯಾಸ ಮಾತ್ರ, ಒಟ್ಟು ಸಂಗ್ರಹ ಅಲ್ಲ. ಯಾಕೆಂದರೆ ಕೆಆರ್‌ಎಸ್ ಕಟ್ಟಿ ಎಷ್ಟೋ ದಶಕದ ಮೇಲೆ ಎಸ್‌ಆರ್‌ಟಿಎಂ ಬಂದದ್ದು, ಆ ಫೆಬ್ರವರಿಯಲ್ಲಿ ನೀರು ಎಲ್ಲಿತ್ತೋ ಅದರ ಕೆಳಗಿನ ತಳ ಡಿಇಎಂನಲ್ಲಿ ಇಲ್ಲ, ಬರೀ ಚಪ್ಪಟೆ. ಹಾಗಾಗಿ ಬೇಸಿಗೆಯ ಚಿತ್ರವೂ ಆ ಚಪ್ಪಟೆಗಿಂತ ಮೇಲಿನ ಮಟ್ಟದ ದಿನದ್ದೇ ಆಗಿರಲಿ. ಇನ್ನು ಕೆಆರ್‌ಎಸ್‌ನ ಪೂರ್ತಿ ಮಟ್ಟ 124.80 ಅಡಿ ಅನ್ನುವುದು ಸಮುದ್ರ ಮಟ್ಟದಿಂದ ಅಳೆದದ್ದಲ್ಲ, ಅಣೆಕಟ್ಟಿನದ್ದೇ ಅಳತೆ. ಅದನ್ನು ಡಿಇಎಂ ಜೊತೆ ಸೀದಾ ಹೋಲಿಸಬೇಡಿ.

ಕೆಆರ್‌ಎಸ್‌ನಲ್ಲಿ ನಿಮ್ಮ ಲೆಕ್ಕ ನೂರಕ್ಕೆ ಎಷ್ಟು ತಪ್ಪಿತು ಅನ್ನುವುದನ್ನು ಬರೆದಿಟ್ಟುಕೊಂಡು ಆಮೇಲೆ ಗರ್ಡ್‌ಗೆ ಹೋಗಿ. 2020ರ ಜೂನ್ ಕೊನೆಯಿಂದ ಜುಲೈ ಕೊನೆಯವರೆಗಿನ ಚಿತ್ರಗಳು ಸಾಕು. ಇಥಿಯೋಪಿಯಾ ಹೇಳಿದ ಮಟ್ಟ ಸುಮಾರು 565 ಮೀಟರ್, ನೀರು 490 ಕೋಟಿ ಘನ ಮೀಟರ್. ಆ ಮಟ್ಟದಲ್ಲಿ ಸ್ಯಾಡಲ್ ಡ್ಯಾಮ್‌ವರೆಗೆ ನೀರು ಹೋಗಿರುವುದಿಲ್ಲ, ಕೆಲಸ ಸಲೀಸು. ಮೋಡದ ಕಾಟಕ್ಕೆ ರಾಡಾರ್ ಇದೆ. ಗೂಗಲ್ ಅರ್ತ್ ಎಂಜಿನ್‌ನಲ್ಲಿ, ಅಂದರೆ ಗೂಗಲ್‌ನ ಕಂಪ್ಯೂಟರುಗಳಲ್ಲೇ ಲೆಕ್ಕ ನಡೆಯುವ ತಾಣದಲ್ಲಿ, ಮಾಡಿದರೆ ನಿಮ್ಮ ಲ್ಯಾಪ್‌ಟಾಪ್ ಹಳೆಯದಾದರೂ ತೊಂದರೆಯಿಲ್ಲ. ನಿಮ್ಮ ಅಂಕಿ 490 ಬರಲೇಬೇಕೆಂದು ಅಂಚನ್ನು ಆಚೀಚೆ ಎಳೆಯಬೇಡಿ. 430 ಬಂದರೆ 430 ಅಂತಲೇ ಬರೆದು, ಪಕ್ಕದಲ್ಲಿ ಹೆಚ್ಚುಕಮ್ಮಿ ಎಷ್ಟು ಅಂತ ಕೆಆರ್‌ಎಸ್‌ನಲ್ಲಿ ಸಿಕ್ಕ ತಪ್ಪಿನ ಪ್ರಮಾಣ ಹಾಕಿ. ಗೈಡ್ ಹತ್ತಿರ ಹೋಗುವಾಗ ಮೊದಲು ಕೆಆರ್‌ಎಸ್ ಪುಟ ತೋರಿಸಿ, ಇಥಿಯೋಪಿಯಾ ಆಮೇಲೆ.